ಕೀಟಚಿತ್ರ–ಛಾಯಾಚಿತ್ರ ಸಂಯೋಜನೆ

ಹಳೆಯ ಪುಸ್ತಕಗಳಲ್ಲಿ ಅಚ್ಚಾದ ಕೀಟಚಿತ್ರಗಳನ್ನು ಹಾಳೆಯಿಂದ ಬಿಡಿಸಿಕೊಂಡು, ನಿಸರ್ಗದ ಫೋಟೊಗಳಲ್ಲಿ ಕೂರಿಸಿ ಹೊಸ ಚಿತ್ರ ಕಟ್ಟುವ ವಿನೋದಕಲೆ. ಈಗ ಕಂಪ್ಯೂಟರಿನಲ್ಲಿ ನಡೆಯುವ ಈ ಆಟದ ಬೇರು ಕತ್ತರಿ, ಅಂಟಿನ ಕಾಲದ್ದು.

ನಿಜವಸ್ತುವನ್ನೂ ಚಿತ್ರವನ್ನೂ ಒಂದೇ ಹಾಳೆಯಲ್ಲಿ ಬೆರೆಸುವ ಚಪಲ ಕೀಟಚಿತ್ರಕಲೆಯಷ್ಟೇ ಹಳೆಯದು. 16ನೆಯ ಶತಮಾನದ ಫ್ಲೆಮಿಶ್ ಕಲಾವಿದ ಯೋರಿಸ್ ಹೂಫ್‌ನಾಗೆಲ್ ನಾಲ್ಕು ಭೂತಗಳ ಹೆಸರಿನಲ್ಲಿ ನಾಲ್ಕು ಚಿತ್ರಸಂಪುಟಗಳನ್ನು ರಚಿಸಿದ. ಅಗ್ನಿಯ ಸಂಪುಟದಲ್ಲಿರುವುದು ಕೀಟಗಳು. ಅಲ್ಲಿ ಏರೋಪ್ಲೇನ್ ಚಿಟ್ಟೆಯ ಮೈಯನ್ನು ಬಣ್ಣದಲ್ಲಿ ಬರೆದು, ರೆಕ್ಕೆಗಳ ಜಾಗದಲ್ಲಿ ನಿಜವಾದ ರೆಕ್ಕೆಗಳನ್ನೇ ಅಂಟಿಸಿದ್ದಾನೆ.

1699ರಲ್ಲಿ ಮಗಳೊಂದಿಗೆ ಸುರಿನಾಮಿಗೆ ಹೋದ ಚಿತ್ರಕಾರ್ತಿ ಮರಿಯಾ ಸಿಬಿಲಾ ಮೆರಿಯಾನ್ 1705ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 60 ಚಿತ್ರಫಲಕಗಳಿವೆ. ಹುಳು, ಕೋಶ, ಚಿಟ್ಟೆ ಎಲ್ಲವೂ ಅಲ್ಲಿ ಗಿಡದ ಮೇಲೆಯೇ ಇವೆ. ಮುಂದಿನ ಸಂಗ್ರಾಹಕರಿಗೆ ಬೇಕಾದದ್ದು ಗುರುತು ಹಿಡಿಯುವ ಚಿತ್ರ. ಗಿಡ ಹೋಯಿತು, ಖಾಲಿ ಬಿಳಿ ಕಾಗದ ಉಳಿಯಿತು. ಪೀಟರ್ ಕ್ರಾಮರ್ 1775ರಿಂದ ಹೊರತಂದ ಡಚ್ ಗ್ರಂಥಮಾಲೆ ಈ ಬಗೆಯದು. ಇಂದು ಕರ್ನಾಟಕದ ರಾಜ್ಯ ಚಿಟ್ಟೆಯಾಗಿರುವ ಸದರ್ನ್ ಬರ್ಡ್‌ವಿಂಗ್‌ಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದು 1779ರಲ್ಲಿ, ಇದೇ ಗ್ರಂಥಮಾಲೆಯಲ್ಲಿ. ಹೀಗೆ ನೆಲೆ ಕಳೆದುಕೊಂಡ ಕೀಟಕ್ಕೆ ಯಾವುದಾದರೂ ಒಂದು ನೆಲೆ ಕೊಡುವುದೇ ಈ ಸಂಯೋಜನೆಯ ಜೀವಾಳ ಎನ್ನಬೇಕು.

ಫೋಟೊಗಳನ್ನು ಕತ್ತರಿಸುವ ಹವ್ಯಾಸ 1860–70ರ ದಶಕಗಳಲ್ಲಿ ಇಂಗ್ಲೆಂಡಿನ ಶ್ರೀಮಂತ ಮನೆತನಗಳ ಹೆಂಗಸರಲ್ಲಿ ಬೆಳೆಯಿತು. ಕೇಟ್ ಎಡಿತ್ ಗಫ್ ಅವರ ಆಲ್ಬಮ್ಮಿನಲ್ಲಿ ನೀರಿನಲ್ಲಿ ಈಜುವ ಬಾತುಕೋಳಿಗಳಿಗೆ ಹೆಂಗಸರ ಮುಖಗಳಿವೆ. ಮನೆಯೊಳಗಿನ ಕಾಲಕ್ಷೇಪವೆಂದು ಬಹುಕಾಲ ಬದಿಗಿಟ್ಟಿದ್ದ ಈ ಆಲ್ಬಮ್ಮುಗಳಿಗೆ ಕಲಾ ಇತಿಹಾಸದಲ್ಲಿ ಹಿರಿಯ ಸ್ಥಾನವೇ ಸಲ್ಲಬೇಕು.

ಕಾಗದದ ರೆಕ್ಕೆಗಳು ಜಗತ್ತನ್ನೇ ನಂಬಿಸಿದ ಪ್ರಸಂಗ 1917ರದು. ಯಾರ್ಕ್‌ಶೈರಿನ ಕಾಟಿಂಗ್ಲಿಯಲ್ಲಿ ಎಲ್ಸಿ ರೈಟ್, ಫ್ರಾನ್ಸಿಸ್ ಗ್ರಿಫಿತ್ಸ್ ಎಂಬ ಹುಡುಗಿಯರು ಹಳ್ಳದ ದಂಡೆಯಲ್ಲಿ ‘ಯಕ್ಷಿಣಿಯರ’ ಫೋಟೊ ತೆಗೆದರು. ಮಕ್ಕಳ ಪುಸ್ತಕವೊಂದರ ಕುಣಿಯುವ ಹುಡುಗಿಯರನ್ನು ನಕಲು ಮಾಡಿ, ರೆಕ್ಕೆ ಬರೆದು, ರಟ್ಟಿನಿಂದ ಕತ್ತರಿಸಿ, ಟೋಪಿಯ ಪಿನ್ನುಗಳಿಂದ ನಿಲ್ಲಿಸಿದ್ದರು. ಷರ್ಲಾಕ್ ಹೋಮ್ಸ್‌ನ ಕರ್ತೃ ಆರ್ಥರ್ ಕಾನನ್ ಡಾಯ್ಲ್ 1920ರಲ್ಲಿ ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಅವು ನಿಜವೆಂದೇ ಬರೆದರು. ಕತ್ತರಿಸಿದ ಚಿತ್ರಗಳೆಂದು ಆ ಇಬ್ಬರೂ ಒಪ್ಪಿಕೊಂಡದ್ದು 1983ರಲ್ಲಿ. ಫೋಟೊದ ಹುಲ್ಲು, ಎಲೆ, ನೀರು ನಿಜವಾಗಿದ್ದರಿಂದಲೇ ನಡುವಿನ ರಟ್ಟೂ ನಿಜವೆನಿಸಿತು.

ಹಳೆಯ ಮುದ್ರಿತ ಚಿತ್ರಗಳನ್ನು ಗಂಭೀರ ಕಲೆಯ ಸಾಮಗ್ರಿಯಾಗಿಸಿದವರಲ್ಲಿ ಮ್ಯಾಕ್ಸ್ ಅರ್ನ್‌ಸ್ಟ್ ಪ್ರಮುಖ. 19ನೆಯ ಶತಮಾನದ ಮರದಚ್ಚಿನ ಚಿತ್ರಗಳಿಂದಲೇ 1934ರಲ್ಲಿ ಪ್ರಕಟವಾದ ಇಡೀ ಕೊಲಾಜ್ ಕಾದಂಬರಿಯೊಂದನ್ನು ಕಟ್ಟಿದ.

1990ರಲ್ಲಿ ಬಂದ ಫೋಟೊಶಾಪ್‌ಗೆ 1994ರ ಮೂರನೆಯ ಆವೃತ್ತಿಯಲ್ಲಿ ಪದರಗಳ ಸೌಲಭ್ಯ ಸೇರಿತು. ಕೀಟಚಿತ್ರಕ್ಕೆ ಹೇಳಿ ಮಾಡಿಸಿದಂತಿರುವುದು ಅದರ ‘ಮಲ್ಟಿಪ್ಲೈ’ ವಿಧಾನ. ಮೇಲಿನ ಪದರದ ಪ್ರತಿ ಚುಕ್ಕೆಯ ಬೆಳಕನ್ನು ಕೆಳಗಿನದರೊಂದಿಗೆ ಗುಣಿಸಿದಾಗ ಬಿಳಿ ಒಂದಾಗಿ ಮಾಯವಾಗುತ್ತದೆ, ಕಪ್ಪು ಸೊನ್ನೆಯಾಗಿ ಉಳಿಯುತ್ತದೆ. ಕತ್ತರಿ ತಾಗದಷ್ಟು ನವಿರಾದ ಮೀಸೆ, ಕಾಲಿನ ರೋಮಗಳೂ ಎಲೆಯ ಮೇಲೆ ಉಳಿಯುತ್ತವೆ. ಆದರೆ ಹಳೆಯ ಕಾಗದ ಹಳದಿಗಟ್ಟಿರುತ್ತದೆ. ಮೊದಲು ಅದನ್ನು ಬೆಳ್ಳಗೆ ಮಾಡದಿದ್ದರೆ ಕೀಟದ ಸುತ್ತ ಮಾಸಿದ ಚೌಕ ಕಾಣುತ್ತದೆ. ಬೆಳಕಿನ ದಿಕ್ಕೂ ಹೊಂದಬೇಕು. ವೈಜ್ಞಾನಿಕ ಚಿತ್ರಗಳಲ್ಲಿ ಬೆಳಕು ಮೇಲಿನ ಎಡದಿಂದ ಬೀಳುವುದು ವಾಡಿಕೆಯಾದ್ದರಿಂದ, ಬಲದಿಂದ ಬಿಸಿಲು ಬಿದ್ದ ಫೋಟೊದಲ್ಲಿ ಜೀರುಂಡೆಯ ಬೆನ್ನಿನ ಹೊಳಪು ತಪ್ಪು ಬದಿಗೆ ಬರುತ್ತದೆ. ಕಾಲುಗಳ ಕೆಳಗೆ ತೆಳುವಾದ ನೆರಳು ಬಿಡಿಸದಿದ್ದರೆ ಜೀರುಂಡೆ ಎಲೆಯ ಮೇಲೆ ಕೂತಂತೆ ಕಾಣದೆ ತೇಲುತ್ತದೆ.

2006ರಲ್ಲಿ ಆರಂಭವಾದ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಹಳೆಯ ಜೀವವಿಜ್ಞಾನ ಗ್ರಂಥಗಳನ್ನು ಅಂತರಜಾಲದಲ್ಲಿ ತೆರೆದಿಟ್ಟಿತು. 2013ರ ಡಿಸೆಂಬರಿನಲ್ಲಿ ಬ್ರಿಟಿಷ್ ಲೈಬ್ರರಿ ಹತ್ತು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಮುಕ್ತ ಬಳಕೆಗೆ ಬಿಟ್ಟಿತು. ಹಕ್ಕುಸ್ವಾಮ್ಯದ ಅವಧಿ ಮುಗಿದ ಇಂಥ ಚಿತ್ರಗಳಿಗೆ ಅನುಮತಿ ಬೇಕಿಲ್ಲವಾದರೂ, ಸಂಯೋಜಿತ ಚಿತ್ರವನ್ನು ಹಾಗೆಂದು ತಿಳಿಸದೆ ಹಂಚಿದರೆ ಆ ಕೀಟವನ್ನು ಅಲ್ಲಿ ಕಂಡ ದಾಖಲೆಯೆಂದು ತಪ್ಪು ತಿಳಿಯುವ ಅಪಾಯವಿದೆ. ಹಳೆಯ ತಾಮ್ರಫಲಕದ ಮುದ್ರಣಗಳಲ್ಲಿ ಕೆಳಗೆ ಎಡಕ್ಕೆ ಚಿತ್ರ ಬರೆದವರ ಹೆಸರು, ಬಲಕ್ಕೆ ಕೊರೆದವರ ಹೆಸರು ಸಣ್ಣ ಅಕ್ಷರಗಳಲ್ಲಿ ಇರುವುದು ರೂಢಿ. ಕೀಟವನ್ನು ಬಿಡಿಸಿಕೊಳ್ಳುವಾಗ ಆ ಎರಡು ಹೆಸರುಗಳು ಹಾಳೆಯಲ್ಲೇ ಉಳಿದುಬಿಡುವುದರಿಂದ, ಅವನ್ನು ಹೊಸ ಚಿತ್ರದ ಅಡಿಬರಹದಲ್ಲಿ ಗ್ರಂಥದ ಹೆಸರಿನೊಂದಿಗೆ ಕಾಣಿಸಬೇಕಾಗುತ್ತದೆ.