ದುಡಿದ ಪದ್ಮಿನಿಗೆ ವಿನಾಯಿತಿ ಇಲ್ಲ

ಮುಂಬಯಿಗೆ ಬಂದ ಹೊಸತರಲ್ಲಿ ಬ್ಯಾಂಕಿನ ನನ್ನ ಮೇಜಿಗೆ ಟ್ಯಾಕ್ಸಿ ಸಾಲದ ಫೈಲುಗಳು ಬರುತ್ತಿದ್ದವು. ಯಾವ ಗಾಡಿ ಎಂದು ಕೇಳುವುದೇ ಬೇಕಿರಲಿಲ್ಲ. ಪ್ರೀಮಿಯರ್ ಪದ್ಮಿನಿ! ಇಲ್ಲಿದ್ದವರಿಗೆ ಆ ಕಪ್ಪು-ಹಳದಿ ಕಾರು ಮರೆಯಲು ಸಾಧ್ಯವೇ?

1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಬಂದ ಈ ಕಾರು 1970ರ ದಶಕದಲ್ಲಿ ಪದ್ಮಿನಿಯಾಯಿತು. ಆಗ ಹೊಗೆಯ ಲೆಕ್ಕ ಕೇಳುವವರಿರಲಿಲ್ಲ. ಪೆಟ್ರೋಲ್ ಕಾರು ತಯಾರಕರಿಗೆ ದೇಶದಲ್ಲಿ ಮಿತಿ ಬಂದದ್ದು 1991ರಲ್ಲಿ. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಆಮೇಲೆ ಇಲ್ಲಿನ ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾದವು.

ಅಷ್ಟಾದರೂ ವಯಸ್ಸು ಬಿಡಲಿಲ್ಲ. 2008ರಲ್ಲಿ ಟ್ಯಾಕ್ಸಿಗೆ 25 ವರ್ಷದ ಮಿತಿ, 2013ರಲ್ಲಿ ಅದು 20ಕ್ಕೆ ಇಳಿಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. 2023ರ ಅಕ್ಟೋಬರ್ 30ಕ್ಕೆ ಕಥೆ ಮುಗಿಯಿತು.

ನನ್ನ ಹಳೆಯ ಗ್ರಾಹಕರೊಬ್ಬರು, ಉತ್ತರ ಪ್ರದೇಶದವರು, ಒಮ್ಮೆ ಕೇಳಿದ್ದರು: "ಸಾಬ್, ನನ್ನದು ಸಿಎನ್‌ಜಿ ಗಾಡಿ, ಪಿಯುಸಿ ಪಾಸಾಗಿದೆ. ಮತ್ತೆ ಗುಜರಿಗೆ ಯಾಕೆ?" ಉತ್ತರ ನನ್ನ ಹತ್ತಿರ ಇತ್ತು, ಹೇಳಲು ಬಾಯಿ ಬರಲಿಲ್ಲ. ಇಡೀ ದಿನ ಓಡುವ ಹಳೇ ಇಂಜಿನ್ನಿನ ಹೊಗೆ ಕುಡಿಯುವವರು ನಾವೇ ತಾನೇ? ಮಿತಿ ತಪ್ಪು ಅಂತ ನಾನು ಹೇಳಲಾರೆ.

ಆದರೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮ ಓದಿದಾಗ ಆ ಪ್ರಶ್ನೆ ಮತ್ತೆ ನೆನಪಾಯಿತು. 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಕಾರಿಗೆ 20,000 ರೂಪಾಯಿ ಶುಲ್ಕ ಕಟ್ಟಿದರೆ 'ವಿಎ' ಅಕ್ಷರಗಳ ವಿಶೇಷ ನಂಬರ್ ಪ್ಲೇಟ್ ಸಿಗುತ್ತದೆ. ಪ್ರದರ್ಶನ, ರ‍್ಯಾಲಿ, ರಿಪೇರಿಗೆ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕಾಗಲಿ, ಬಾಡಿಗೆಗಾಗಲಿ ಇಲ್ಲ. ಇದೂ ಸರಿಯೇ. ವರ್ಷಕ್ಕೆ ನಾಲ್ಕು ಸಲ ಹೊರಬರುವ ಕಾರಿನಿಂದ ಎಷ್ಟು ಹೊಗೆ ಬಂದೀತು?

ಎರಡೂ ಸರಿ, ಕೂಡಿಸಿದರೆ ಮಾತ್ರ ಲೆಕ್ಕ ತಾಳೆಯಾಗುವುದಿಲ್ಲ. 50 ವರ್ಷ ಕಾರನ್ನು ಕಾಪಾಡಲು ಗ್ಯಾರೇಜ್ ಬೇಕು, ದುಡ್ಡು ಬೇಕು. ಸಾಲದ ಕಂತು ಕಟ್ಟುತ್ತಾ, ರಾತ್ರಿ ಗಾಡಿಯನ್ನು ರಸ್ತೆ ಬದಿಯಲ್ಲಿ ನಿಲ್ಲಿಸುತ್ತಿದ್ದವನಿಗೆ ಅದೆಲ್ಲಿಂದ ಬರಬೇಕು? 2003ರ ಆ ಕೊನೆಯ ಟ್ಯಾಕ್ಸಿಗೆ 50 ತುಂಬುವುದು 2053ಕ್ಕೆ!

ಒಂದು ಪದ್ಮಿನಿಯನ್ನಾದರೂ ಉಳಿಸಿ ಎಂದು ಟ್ಯಾಕ್ಸಿ ಚಾಲಕರ ಯೂನಿಯನ್ ಸರ್ಕಾರಕ್ಕೆ ಮನವಿ ಕೊಟ್ಟಿತ್ತು. ರಸ್ತೆಯಲ್ಲಿ ಬೇಡ, ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಲಿ. ನಿಂತ ಗಾಡಿಗೆ ಹೊಗೆಯೇ ಇಲ್ಲವಲ್ಲ... ಏನಂತೀರಿ?