ಮೂಳೆ ಕಟ್ಟುವವರು

ನಮ್ಮಜ್ಜಿ ಮಾಮೂಲ್‌ಪೇಟೆಯ ಹಳೇ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದಾಗ ಮನೇಲಿ ಎರಡು ಪಕ್ಷ ಆಯ್ತು. ಒಂದು 'ಪುತ್ತೂರು ಕಟ್ಟು' ಅಂತು (ದಕ್ಷಿಣ ಕನ್ನಡದ್ದಲ್ಲ ಸ್ವಾಮಿ, ಆಂಧ್ರದ ಪುತ್ತೂರು, ಬೆಂಗಳೂರಲ್ಲಿ ಅದರ ಬೋರ್ಡು ನೋಡದವರುಂಟೆ?). ಇನ್ನೊಂದು ಆಸ್ಪತ್ರೆ ಅಂತು. ಆಸ್ಪತ್ರೆ ಗೆದ್ದಿತು. ಸೊಂಟಕ್ಕೆ ರಾಡ್ ಹಾಕಿದ್ರು. ಮೂರನೇ ವಾರ ನ್ಯುಮೋನಿಯಾ. "ಮೂಳೆಗೂ ಎದೆಗೂ ಏನ್ರೀ ಸಂಬಂಧ?" ಅಂತ ಅಪ್ಪ ಕೇಳಿದರು. ಮೂಳೆ ಡಾಕ್ಟ್ರು ಎದೆ ಡಾಕ್ಟ್ರ ಕಡೆ ಕೈ ತೋರಿಸಿದ್ರು.

ಪೇಟೆಯ ಚರಿತ್ರೆಯಲ್ಲೂ ಇವೆರಡೂ ಬೇರೆ ಬೇರೆ ವಿಳಾಸಗಳೇ. ಸೋಂಕು ಅಂದರೆ ಸರ್ಕಾರದ ಕೆಲಸ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೊರಟರು; ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಹಾಗೆ. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯನ್ನು ಕರ್ಜನ್ ಉದ್ಘಾಟಿಸಿದ. ಮೂಳೆ ಅಂದರೆ ಮಾತ್ರ ಮನೆಮಾತು: ಬಿದಿರಪಟ್ಟಿ, ಬಟ್ಟೆ, ಕಟ್ಟುವವನ ಕೈಗುಣ.

ವಿಜ್ಞಾನವೂ ಹೆಚ್ಚು ಬೇರೆ ಇರಲಿಲ್ಲ ಅನ್ನಿ. ರಕ್ತ ಹುಟ್ಟೋದು ಮೂಳೆಮಜ್ಜೆಯಲ್ಲಿ ಅಂತ 1868ರಲ್ಲೇ ನಾಯ್ಮನ್, ಬಿಜೊಜೆರೊ ಹೇಳಿದ್ದರು. ಆದರೂ ಮೂಳೆಯನ್ನು ಮಜ್ಜೆ ತುಂಬಿದ ಪಾತ್ರೆ ಅಂತಲೇ ನೋಡಿದರು. ಪಾತ್ರೆ ಕಟ್ಟುವ ಜೀವಕೋಶ, ಅಂದರೆ ಆಸ್ಟಿಯೋಬ್ಲಾಸ್ಟ್, ಬರೀ ಗಾರೆ ಮೇಸ್ತ್ರಿ. 1994ರಲ್ಲಿ ಟೈಕ್‌ಮನ್ ಮತ್ತು ಎಮರ್ಸನ್, ಈ ಮೇಸ್ತ್ರಿ ಬಿಳಿರಕ್ತಕಣಗಳನ್ನು ಬೆಳೆಸುವ ಪ್ರೋಟೀನೊಂದನ್ನೂ ಒಸರುತ್ತಾನೆ ಅಂತ ತೋರಿಸಿದರು. 2000ದ ಹೊತ್ತಿಗೆ 'ಆಸ್ಟಿಯೋಇಮ್ಯುನಾಲಜಿ' ಅನ್ನೋ ಹೆಸರೇ ಹುಟ್ಟಿತು.

ನನ್ನನ್ನು ಕದಡಿದ್ದು 2016ರ ಜಪಾನಿನ ಕೆಲಸ. ಸೆಪ್ಸಿಸ್, ಅಂದರೆ ಸೋಂಕಿಗೆ ಮೈ ಕೊಡುವ ಪ್ರತಿಕ್ರಿಯೆಯೇ ಹತೋಟಿ ತಪ್ಪಿದ ಸ್ಥಿತಿ, ಬಂದ ಇಲಿಗಳಲ್ಲಿ ಆಸ್ಟಿಯೋಬ್ಲಾಸ್ಟ್‌ಗಳು ಬೇಗನೆ ಕುಸಿದವು. ಅವು ಕೊಡುತ್ತಿದ್ದ ಐಎಲ್-7 ಎಂಬ ಸಂದೇಶವೂ ತಗ್ಗಿತು. ಅದರ ಮೇಲೆ ಬದುಕುವ ಲಿಂಫೋಸೈಟ್‌ಗಳ ತಾಯಿಕೋಶಗಳೂ ಕಡಿಮೆಯಾದವು. ಸೈನಿಕರಿಗೆ ಅನ್ನ ಬಡಿಸುವವನೇ ಹೋದ!

ಇಲಿಯಿಂದ ಅಜ್ಜಿಗೆ ನೇರ ದಾರಿ ಎಳೆಯೋದು ತಪ್ಪು. ಹಾಸಿಗೆ ಹಿಡಿದ ವಯಸ್ಸಾದವರ ಎದೆಯಲ್ಲಿ ಕಫ ಕಟ್ಟಿ ಸೋಂಕಾಗೋದು ಹಳೇ ಕಾರಣ, ಗಟ್ಟಿ ಕಾರಣ. ಆದರೂ ಅಪ್ಪನ ಪ್ರಶ್ನೆ ಮೂರ್ಖತನದ್ದಾಗಿರಲಿಲ್ಲ. ಮೊನ್ನೆ ಫೋನಲ್ಲಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇಬ್ಬರು ಡಾಕ್ಟ್ರೂ ಒಟ್ಟಿಗೆ ಬಂದು ನೋಡಬಹುದಿತ್ತಲ್ವೇನೋ" ಅಂದರು.