ತಂತ್ರಾಂಶಗಳ ಅಳವಡಿಕೆ ಮತ್ತು ತೆಗೆದುಹಾಕುವಿಕೆಯ ದಾಖಲೆಯನ್ನು ಟರ್ಮಿನಲ್ ಮೂಲಕ ಪರಿಶೀಲಿಸುವ ವಿಧಾನ

ಲಿನಕ್ಸ್ ಗಣಕಯಂತ್ರದಲ್ಲಿ ಅರ್ಜಿ ನಮೂನೆಗಳನ್ನು ಭರ್ತಿ ಮಾಡುವ ನಾಗರಿಕರಿಗೆ, ಹಿಂದಿನ ದಿನದವರೆಗೂ ಸರಿಯಾಗಿ ಮೂಡುತ್ತಿದ್ದ ಕನ್ನಡ ಅಕ್ಷರಗಳ ಸ್ಥಾನದಲ್ಲಿ ಖಾಲಿ ಚೌಕಗಳು ಕಾಣಿಸಿಕೊಳ್ಳುವುದುಂಟು. ಇಂತಹ ಮುದ್ರಿತ ಪ್ರತಿಯನ್ನು ಸಲ್ಲಿಸಿದಲ್ಲಿ ಹೆಸರು ಹಾಗೂ ವಿಳಾಸವನ್ನು ಓದಲಾಗದೆ ಅರ್ಜಿಯು ಹಿಂದಿರುಗುವ ಸಂಭವವಿರುತ್ತದೆ. ಕೊನೆಯ ದಿನಾಂಕ ಸಮೀಪಿಸಿರುವಾಗ ಇಡೀ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸಲು ಮುಂದಾಗುವುದಕ್ಕಿಂತ, ಯಾವ ತಂತ್ರಾಂಶವು ಯಾವ ದಿನ ತೆಗೆಯಲ್ಪಟ್ಟಿತು ಎಂಬುದನ್ನು ಯಂತ್ರದಲ್ಲಿರುವ ದಾಖಲೆಯಿಂದಲೇ ತಿಳಿದುಕೊಳ್ಳುವುದು ಸೂಕ್ತ.

ಸೂಚನೆ: ಆದೇಶಗಳನ್ನು ಇಲ್ಲಿ ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ನೀಡಲಾಗಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡತಕ್ಕದ್ದು.

ಡೆಬಿಯನ್, ಉಬುಂಟು ಮತ್ತು ಬಾಸ್ ಲಿನಕ್ಸ್

ಸಿ-ಡ್ಯಾಕ್ ಸಂಸ್ಥೆಯು ಸಿದ್ಧಪಡಿಸಿರುವ ಬಾಸ್ ಲಿನಕ್ಸ್ ಸಹ ಡೆಬಿಯನ್ ಆಧಾರಿತವಾದುದರಿಂದ ಮೂರಕ್ಕೂ ವಿಧಾನ ಒಂದೇ. ಪ್ರಮುಖ ದಾಖಲೆಯು /ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್ ಎಂಬ ಕಡತದಲ್ಲಿರುತ್ತದೆ. ‘ಲೆಸ್’ ಎಂದು ಬರೆದು, ಸ್ಥಳ ಬಿಟ್ಟು, ಈ ಹಾದಿಯನ್ನು ನೀಡಿದಲ್ಲಿ ಕಡತವು ತೆರೆದುಕೊಳ್ಳುತ್ತದೆ.

ಪ್ರತಿಯೊಂದು ನಮೂದಿನಲ್ಲಿ ಆರಂಭದ ದಿನಾಂಕ ಮತ್ತು ವೇಳೆ, ನೀಡಲಾದ ಆದೇಶ, ಬಳಿಕ ‘ಇನ್‌ಸ್ಟಾಲ್’, ‘ಅಪ್‌ಗ್ರೇಡ್’, ‘ರಿಮೂವ್’ ಅಥವಾ ‘ಪರ್ಜ್’ ಶೀರ್ಷಿಕೆಯಡಿ ಪ್ಯಾಕೇಜುಗಳ ಹೆಸರು ಇರುತ್ತವೆ. ‘ರಿಮೂವ್’ ಎಂದಿದ್ದಲ್ಲಿ ತಂತ್ರಾಂಶ ಮಾತ್ರ ಹೋಗಿದ್ದು ಅದರ ಸಂರಚನಾ ಕಡತಗಳು ಉಳಿದಿರುತ್ತವೆ. ‘ಪರ್ಜ್’ ಎಂದಿದ್ದಲ್ಲಿ ಅವೂ ಅಳಿಸಲ್ಪಟ್ಟಿರುತ್ತವೆ. ಸುಡೊ ಮೂಲಕ ಆದೇಶ ನೀಡಿದ್ದಲ್ಲಿ ‘ರಿಕ್ವೆಸ್ಟೆಡ್-ಬೈ’ ಎಂಬ ಸಾಲಿನಲ್ಲಿ ಬಳಕೆದಾರರ ಹೆಸರೂ ದಾಖಲಾಗುತ್ತದೆ. ಹಲವರು ಬಳಸುವ ಯಂತ್ರಗಳಲ್ಲಿ ಈ ಸಾಲು ಅನಗತ್ಯ ವಾದಗಳನ್ನು ತಪ್ಪಿಸುತ್ತದೆ.

ಆದೇಶದ ಸಾಲಿನಲ್ಲಿ ‘ಆಟೋರಿಮೂವ್’ ಎಂದಿರುವುದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಬೇರೊಂದು ಪ್ಯಾಕೇಜಿನ ಅವಲಂಬನೆಯಾಗಿ ಬಂದಿದ್ದ ಫಾಂಟು, ಆ ಪ್ಯಾಕೇಜನ್ನು ತೆಗೆದ ನಂತರ ‘ಅಗತ್ಯವಿಲ್ಲದ್ದು’ ಎಂದು ಪರಿಗಣಿಸಲ್ಪಟ್ಟು ಈ ಆದೇಶದಿಂದ ಅಳಿಸಿಹೋಗಬಹುದು. ಫಾಂಟನ್ನು ಯಾರೂ ಉದ್ದೇಶಪೂರ್ವಕವಾಗಿ ತೆಗೆದಿರುವುದಿಲ್ಲ.

ಸಾಮಾನ್ಯವಾಗಿ ಈ ಕಡತವು ತಿಂಗಳಿಗೊಮ್ಮೆ ಬದಲಾಗಿ, ಹಳೆಯ 12 ಕಡತಗಳು ಸಂಕುಚಿತ ರೂಪದಲ್ಲಿ ಅದೇ ಡೈರೆಕ್ಟರಿಯಲ್ಲಿ ಉಳಿಯುತ್ತವೆ. ಅವುಗಳನ್ನು ‘ಜೆಡ್‌ಲೆಸ್’ ಆದೇಶದಿಂದ ಓದಬಹುದು, ‘ಜೆಡ್‌ಗ್ರೆಪ್’ನಿಂದ ಹುಡುಕಬಹುದು. ಸುಮಾರು ಒಂದು ವರ್ಷಕ್ಕಿಂತ ಹಿಂದಿನ ವಿವರ ದೊರೆಯುವುದಿಲ್ಲವಾದ್ದರಿಂದ ವಿಳಂಬ ಮಾಡಬಾರದು.

ಡೌನ್‌ಲೋಡ್ ಮಾಡಿದ ಪ್ಯಾಕೇಜನ್ನು ನೇರವಾಗಿ ಡಿಪಿಕೆಜಿ ಆದೇಶದಿಂದ ಅಳವಡಿಸಿದ್ದರೆ ಮೇಲಿನ ಕಡತದಲ್ಲಿ ಅದರ ಸುಳಿವಿರುವುದಿಲ್ಲ. ಆಗ /ವಾರ್/ಲಾಗ್/ಡಿಪಿಕೆಜಿ.ಲಾಗ್ ಕಡತವನ್ನು ನೋಡತಕ್ಕದ್ದು. ಇಲ್ಲಿ ಪ್ರತಿ ಕ್ರಿಯೆಗೂ ಒಂದೊಂದು ಸಾಲು ಇರುವುದರಿಂದ ಓದಲು ತುಸು ದೀರ್ಘವೆನಿಸಿದರೂ ಎರಡೂ ಬಗೆಯ ಅಳವಡಿಕೆಗಳು ಸಿಗುತ್ತವೆ.

ಫೆಡೊರಾ ಮತ್ತು ರೆಡ್ ಹ್ಯಾಟ್ ಬಳಗ

‘ಡಿಎನ್‌ಎಫ್ ಹಿಸ್ಟರಿ ಲಿಸ್ಟ್’ ಎಂಬ ಆದೇಶವು ಎಲ್ಲ ವಹಿವಾಟುಗಳನ್ನು ಕ್ರಮಸಂಖ್ಯೆಯೊಂದಿಗೆ ತೋರಿಸುತ್ತದೆ. ‘ಡಿಎನ್‌ಎಫ್ ಹಿಸ್ಟರಿ ಇನ್ಫೊ’ ಎಂದು ಬರೆದು ಸಂಖ್ಯೆಯನ್ನು ಸೇರಿಸಿದಲ್ಲಿ ಪೂರ್ಣ ವಿವರ ಲಭ್ಯ. ‘ಇನ್ಫೊ’ ಬದಲಿಗೆ ‘ಅನ್‌ಡು’ ಎಂದು ನೀಡಿ ಆ ವಹಿವಾಟನ್ನು ಹಿಂಪಡೆಯಲು ಸಾಧ್ಯ. ಆದರೆ ಹಳೆಯ ಆವೃತ್ತಿಯು ಭಂಡಾರದಲ್ಲಿ ಇನ್ನೂ ಇದ್ದರೆ ಮಾತ್ರ ಇದು ಫಲಿಸುತ್ತದೆ. 2024ರ ಜೂನ್ 30ರಂದು ಬೆಂಬಲ ಕೊನೆಗೊಂಡ ಸೆಂಟ್‌ಓಎಸ್ 7ರಲ್ಲಿ ಡಿಎನ್‌ಎಫ್ ಸ್ಥಾನದಲ್ಲಿ ‘ಯಮ್’ ಬಳಸತಕ್ಕದ್ದು. ‘ಆರ್‌ಪಿಎಮ್ -ಕ್ಯೂಎ --ಲಾಸ್ಟ್’ ಆದೇಶವು ಈಗ ಇರುವ ಪ್ಯಾಕೇಜುಗಳನ್ನಷ್ಟೇ ದಿನಾಂಕದೊಡನೆ ತೋರಿಸುವುದರಿಂದ, ತೆಗೆದುದನ್ನು ಹುಡುಕಲು ಅದು ನೆರವಾಗದು.

ಕನ್ನಡ ಫಾಂಟನ್ನು ಮರಳಿ ಪಡೆಯುವುದು

ಕಾಣೆಯಾದದ್ದು ಲೋಹಿತ್ ಕನ್ನಡ ಫಾಂಟು ಎಂದು ದಾಖಲೆಯಿಂದ ಖಚಿತವಾದಲ್ಲಿ, ಡೆಬಿಯನ್ ಬಳಗದಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಲೋಹಿತ್-ಕೆಎನ್‌ಡಿಎ’ ಎಂಬ ಆದೇಶ ಸಾಕು. ಹೀಗೆ ಹೆಸರಿಸಿ ಅಳವಡಿಸಿದ ಪ್ಯಾಕೇಜನ್ನು ಮುಂದಿನ ‘ಆಟೋರಿಮೂವ್’ ತೆಗೆಯುವುದಿಲ್ಲ. ನಮೂನೆಯನ್ನು ಮುಚ್ಚಿ ಪುನಃ ತೆರೆದು, ಹೆಸರು ಸರಿಯಾಗಿ ಮೂಡಿರುವುದನ್ನು ತೆರೆಯ ಮೇಲೆ ಖಚಿತಪಡಿಸಿಕೊಂಡ ನಂತರವೇ ಮುದ್ರಿಸತಕ್ಕದ್ದು.